ಇಟಾಲಿಯನ್ ಕಲಿಯುವ ಮಕ್ಕಳ ಮನೆಯವರಿಗೆ

ಪ್ರಿಯ ಪೋಷಕರೇ,

ನಮಸ್ಕಾರ.

ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ಶನಿವಾರ ಮಧ್ಯಾಹ್ನ ಇಟಾಲಿಯನ್ ತರಗತಿ ಶುರುವಾದಾಗಿನಿಂದ ನಿಮ್ಮಲ್ಲಿ ಅನೇಕರು ಕೇಳುತ್ತಿರುವುದು ಒಂದೇ ಪ್ರಶ್ನೆ: "ಮೇಡಂ, ಮನೆಯಲ್ಲಿ ಯಾರಿಗೂ ಇಟಾಲಿಯನ್ ಬರಲ್ಲ. ಯಾವ ಪುಸ್ತಕ ತರಿಸೋಣ? ಯಾವ ಆನ್‌ಲೈನ್ ಕೋರ್ಸ್‌ಗೆ ಸೇರಿಸೋಣ?"

ಸದ್ಯಕ್ಕೆ ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ. ಈ ಭಾಷೆ ಕಲಿಯಲು ಬೇಕಾದ ಒಳ್ಳೆಯ ಸಾಮಗ್ರಿ ಪುಕ್ಕಟೆಯಾಗಿಯೇ ಬೇಕಾದಷ್ಟು ಸಿಗುತ್ತದೆ. ಮೊದಲು ಇಟಾಲಿಯನ್ ಮಕ್ಕಳ ಕಿವಿಗೆ ಬೀಳಲಿ, ಆಮೇಲೆ ಬಾಯಿಗೆ ಬರಲಿ. ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡಲು ಮುಂದೆ ಟೈಮಿದೆ.

ಹಾಡಿನಿಂದ ಶುರು ಮಾಡಿ. ಇಟಲಿಯಲ್ಲಿ 'ಜೆಕ್ಕಿನೊ ದೋರೊ' ಅನ್ನುವ ಮಕ್ಕಳ ಹಾಡಿನ ಉತ್ಸವ 1959ರಿಂದ ನಡೆಯುತ್ತಿದೆ. ಬೊಲೊನ್ಯಾ ನಗರದ ಅಂತೋನಿಯಾನೊ ಸಂಸ್ಥೆಯ ಮಕ್ಕಳ ವೃಂದ ಅಲ್ಲಿ ಹಾಡುತ್ತದೆ. ಹಾಡುಗಳು ಯೂಟ್ಯೂಬ್‌ನಲ್ಲಿವೆ. ಹಾಡುವವರು ಮಕ್ಕಳೇ ಆದ್ದರಿಂದ ಉಚ್ಚಾರ ಸ್ಪಷ್ಟ, ಮಾತು ಸರಳ, ಪಲ್ಲವಿ ಮತ್ತೆ ಮತ್ತೆ ಬರುತ್ತದೆ. "ಇದು ಚಿಕ್ಕ ಮಕ್ಕಳದ್ದು" ಅಂತ ಒಂಬತ್ತನೇ ಕ್ಲಾಸಿನವರು ಮೂಗು ಮುರಿಯಬಹುದು. ಪರವಾಗಿಲ್ಲ, ಕೇಳಲಿ. ಹೊಸ ಭಾಷೆಯಲ್ಲಿ ಅವರೂ ಚಿಕ್ಕವರೇ ಅಲ್ವಾ?

ಉಚ್ಚಾರದ ವಿಷಯದಲ್ಲಿ ಕನ್ನಡ ಮನೆಮಾತಿನ ಮಕ್ಕಳಿಗೆ ಒಂದು ಅನುಕೂಲವಿದೆ. ನಮಗೆ ಹಳಿ ಬೇರೆ, ಹಳ್ಳಿ ಬೇರೆ. ಇಟಾಲಿಯನ್‌ನಲ್ಲೂ ಹಾಗೇ, 'ಪಾಲಾ' ಅಂದರೆ ಸಲಿಕೆ, 'ಪಾಲ್ಲಾ' ಅಂದರೆ ಚೆಂಡು. ಇಂಗ್ಲಿಷ್ ಮನೆಮಾತಿನವರು ಕಷ್ಟಪಟ್ಟು ಕಲಿಯುವ ಈ ಒತ್ತು ನಮ್ಮ ಮಕ್ಕಳ ನಾಲಿಗೆಯಲ್ಲಿ ಈಗಾಗಲೇ ಇದೆ. ನಮ್ಮವರಿಗೆ ತೊಡಕಾಗುವುದು ಇಂಗ್ಲಿಷ್ ಓದಿನ ಅಭ್ಯಾಸ. ಸಿ, ಎಚ್, ಇ ಕಂಡ ಕೂಡಲೇ 'ಚೆ' ಅನ್ನುತ್ತಾರೆ. ಇಟಾಲಿಯನ್‌ನಲ್ಲಿ ಅದು 'ಕೆ'. ಹೋಟೆಲ್ ಮೆನುವಿನಲ್ಲಿ ನಾವೆಲ್ಲ 'ಬ್ರುಶೆಟಾ' ಅಂತ ಓದುವುದು ಅಲ್ಲಿ 'ಬ್ರುಸ್ಕೆತ್ತಾ'. ಅದಕ್ಕೇ ಮೊದಲ ಕೆಲವು ವಾರ ಕೇಳಿದ ಹಾಡನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಲು ಹೇಳಿದ್ದೇವೆ. ನೋಟ್‌ಬುಕ್ ನೋಡಿ ಗಾಬರಿಯಾಗಬೇಡಿ.

ನಾನು ತುಂಬ ಇಷ್ಟಪಟ್ಟು ಹೇಳುವ ಇನ್ನೊಂದು ಸಾಮಗ್ರಿ ಹಳೆಯ ಟಿವಿ ಪಾಠ. 1861ರಲ್ಲಿ ಇಟಲಿ ಒಂದು ದೇಶವಾದಾಗ ಅಲ್ಲಿನ ಜನರಲ್ಲಿ ಇಟಾಲಿಯನ್ ಆಡಬಲ್ಲವರು ನೂರಕ್ಕೆ ಮೂವರೂ ಇರಲಿಲ್ಲ ಎಂದು ಭಾಷಾತಜ್ಞ ತುಲ್ಲಿಯೊ ದೆ ಮಾವ್ರೊ ಅಂದಾಜು ಮಾಡಿದ್ದಾರೆ. ನೂರಕ್ಕೆ ಹತ್ತು ಅಂದವರೂ ಇದ್ದಾರೆ. ಯಾವ ಲೆಕ್ಕ ಹಿಡಿದರೂ ಉಳಿದವರ ಮನೆಮಾತು ನೇಪಲ್ಸಿನದು, ಸಿಸಿಲಿಯದು, ವೆನಿಸಿನದು. 1960ರ ಹೊತ್ತಿಗೂ ಓದು ಬರಹ ಬಾರದ ದೊಡ್ಡವರು ಲಕ್ಷಗಟ್ಟಲೆ ಇದ್ದರು. ಆ ವರ್ಷ ಸರ್ಕಾರಿ ಟಿವಿ 'ರಾಯ್' ಇಂಥವರಿಗಾಗಿ ಒಂದು ಪಾಠ ಶುರು ಮಾಡಿತು. ಹೆಸರು 'ಕಲಿಯಲು ಎಂದೂ ತಡವಾಗಿಲ್ಲ' ಅನ್ನುವ ಅರ್ಥದ್ದು. ಪಾಠ ಮಾಡಿದವರು ಆಲ್ಬೆರ್ತೊ ಮಾಂಜಿ, ಪ್ರಾಥಮಿಕ ಶಾಲೆಯ ಮೇಷ್ಟ್ರು. ದೊಡ್ಡ ಕಾಗದದ ಹಾಳೆಯ ಮುಂದೆ ನಿಂತು ಇದ್ದಿಲ ಕಡ್ಡಿಯಿಂದ ನಾಲ್ಕು ಗೆರೆ ಎಳೆಯುತ್ತಿದ್ದರು. ಅದು ಏನಾಗುತ್ತದೆ ಅಂತ ನೋಡುತ್ತಿರುವಾಗಲೇ ಚಿತ್ರ ಮೂಡುತ್ತಿತ್ತು, ಆಮೇಲೆ ಅದರ ಹೆಸರು, ಆಮೇಲೆ ಅಕ್ಷರ. ಮನೆಯಲ್ಲಿ ಟಿವಿ ಇಲ್ಲದವರು ಒಂದೆಡೆ ಸೇರಿ ನೋಡುತ್ತಿದ್ದರು. 1968ರವರೆಗೆ ಇದು ನಡೆಯಿತು. ಅದರ ತುಣುಕುಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಮಾಂಜಿ ಮೇಷ್ಟ್ರು ನಿಧಾನವಾಗಿ, ಪ್ರೀತಿಯಿಂದ ಮಾತಾಡುತ್ತಾರೆ. ನಮ್ಮ ಮಕ್ಕಳಿಗೆ ಇವತ್ತಿಗೂ ಆ ಪಾಠ ಒಪ್ಪುತ್ತದೆ.

ರಾಯ್ ಸಂಸ್ಥೆಯ ಇವತ್ತಿನ ವಿಡಿಯೊಗಳಲ್ಲಿ ಹಲವು ಇಟಲಿಯ ಹೊರಗೆ ತೆರೆಯುವುದಿಲ್ಲ. ಮಕ್ಕಳು ಬೇಸರ ಮಾಡಿಕೊಂಡರೆ ರೇಡಿಯೊ ಹಾಕಿಕೊಡಿ. 'ರಾಯ್‌ಪ್ಲೇ ಸೌಂಡ್' ಆ್ಯಪ್‌ನಲ್ಲಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ 'ಆದ್ ಆಲ್ತಾ ವೋಚೆ' ಕಾರ್ಯಕ್ರಮವಿದೆ. ಅರ್ಥ ಆಗದಿದ್ದರೂ ಆಗಾಗ ಹತ್ತು ನಿಮಿಷ ಸುಮ್ನೆ ಕೇಳಲಿ. ಭಾಷೆಯ ಓಟ ಕಿವಿಗೆ ಹಿಡಿಯುತ್ತದೆ.

ದುಡ್ಡು ಕೊಟ್ಟು ತರಿಸುವುದಿದ್ದರೆ ಒಂದೇ ಪುಸ್ತಕ ಹೇಳುತ್ತೇನೆ: ಜಾನ್ನಿ ರೊದಾರಿ ಅವರ 'ಫಾವೊಲೆ ಅಲ್ ತೆಲೆಫೊನೊ', 1962ರದ್ದು. ವಾರದಲ್ಲಿ ಆರು ದಿನ ಊರೂರು ಸುತ್ತಿ ಔಷಧಿ ಮಾರುವ ಅಪ್ಪ, ನಮ್ಮ ಮಾತಲ್ಲಿ ಹೇಳುವುದಾದರೆ ಮೆಡಿಕಲ್ ರೆಪ್. ಕಥೆ ಕೇಳದೆ ಮಗಳಿಗೆ ನಿದ್ದೆ ಬರದು. ಅದಕ್ಕೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಒಂದು ಕಥೆ ಹೇಳುತ್ತಾನೆ. ಟ್ರಂಕ್ ಕಾಲ್ ದುಬಾರಿ, ಬಿಲ್ ಅವನ ಜೇಬಿಂದಲೇ ಹೋಗಬೇಕು. ಹಾಗಾಗಿ ಕಥೆಗಳೆಲ್ಲ ಚಿಕ್ಕವು, ಒಂದೆರಡು ಪುಟ ಅಷ್ಟೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಳತೆ ಬೇಕೆ? ಕೊಳ್ಳಲು ಆಗದಿದ್ದರೆ ಕೊಲ್ಲೋದಿ ಅವರ 'ಪಿನೋಕ್ಯೊ' ಇದೆ. 1883ರ ಪುಸ್ತಕ, ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಪಠ್ಯ 'ಲಿಬೆರ್ ಲಿಬೆರ್' ತಾಣದಲ್ಲೂ ಓದಿನ ಧ್ವನಿ 'ಲಿಬ್ರಿವಾಕ್ಸ್'ನಲ್ಲೂ ಪುಕ್ಕಟೆ. ಭಾಷೆ ಸ್ವಲ್ಪ ಹಳೆಯದು, ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳುವುದು ವಾಸಿ.

ನಿಘಂಟಿಗೆ 'ತ್ರೆಕ್ಕಾನಿ' ತಾಣ ಸಾಕು. ಮೊಬೈಲ್ ಆ್ಯಪ್‌ಗಳು ಪದ ಗುರುತಿಸಲು ಕಲಿಸುತ್ತವೆ, ಮಾತಾಡಿಸುವುದು ಕಡಿಮೆ. ದಿನಕ್ಕೆ ಕಾಲು ಗಂಟೆಗಿಂತ ಜಾಸ್ತಿ ಬೇಡ. ಮುಂದೆ ಇಟಲಿಯಲ್ಲಿ ಓದಿಸುವ ಆಸೆ ಇರುವವರು ಸಿಯೆನಾದ 'ಚಿಲ್ಸ್', ಪೆರುಜಾದ 'ಚೆಲಿ' ಎಂಬ ಇಟಾಲಿಯನ್ ಭಾಷಾ ಪರೀಕ್ಷೆಗಳ ಬಗ್ಗೆ ಕೇಳಿದ್ದೀರಿ. ಹತ್ತನೇ ತರಗತಿ ಮುಗಿಯಲಿ, ಕೂತು ಮಾತಾಡೋಣ.

"ಮನೆಯಲ್ಲಿ ಯಾರಿಗೂ ಬರಲ್ಲ" ಅನ್ನುವ ಚಿಂತೆಗೆ ಇಟಲಿಯವರೊಬ್ಬರೇ ಉತ್ತರ ಬರೆದಿಟ್ಟಿದ್ದಾರೆ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದರು. ಬರುವ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಕಂಡರು. ಒಬ್ಬ ರಾಗವಾಗಿ ಪಾಠ ಹೇಳುತ್ತ ನೆಲದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದ. ಉಳಿದವರೂ ಹಾಗೆಯೇ ಹಾಡಿ ಬರೆಯುತ್ತಿದ್ದರು. ಗುರುಗಳು ಇಲ್ಲದಾಗ ಮರೆತರೆ ತಿದ್ದುವವರು ಯಾರು ಅಂತ ಇವರು ಕೇಳಿದರು. ನಾಲ್ವರೂ ಒಂದೇ ಜಾಗದಲ್ಲಿ ಮರೆಯಲು ಸಾಧ್ಯವಿಲ್ಲ ಅಂದರಂತೆ ಹುಡುಗರು. ಇದನ್ನೆಲ್ಲ ಅವರು ನೇಪಲ್ಸಿನ ಗೆಳೆಯನಿಗೆ ಇಟಾಲಿಯನ್‌ನಲ್ಲಿ ಪತ್ರ ಬರೆದು ತಿಳಿಸಿದರು. ನಮ್ಮ ಮಕ್ಕಳು ಮುಂದೆ ಅದನ್ನು ಮೂಲದಲ್ಲೇ ಓದಲಿ ಅನ್ನುವುದು ನನ್ನ ಆಸೆ.

ನಾವೂ ಹಾಗೇ ಮಾಡೋಣ. ಮನೆ ಹತ್ತಿರ ಇರುವ ಮೂರು ನಾಲ್ಕು ಮಕ್ಕಳು ವಾರಕ್ಕೊಂದು ಸಂಜೆ ಯಾರದಾದರೂ ಮನೆಯಲ್ಲಿ ಸೇರಲಿ. ಒಂದು ಹಾಡು ಕೇಳಿ, ಗಟ್ಟಿಯಾಗಿ ಹಾಡಿ, ಒಂದು ಪುಟ ಓದಲಿ. ನೀವು ತಿದ್ದಬೇಕಿಲ್ಲ, ಫೋನ್ ಮತ್ತು ಅರ್ಧ ಗಂಟೆ ಜಾಗ ಕೊಟ್ಟರೆ ಸಾಕು. ಯಾರು ಯಾರ ಜೊತೆ ಎಂಬ ಪಟ್ಟಿಯನ್ನು ಮಕ್ಕಳ ಡೈರಿಯಲ್ಲಿ ಕಳಿಸುತ್ತೇವೆ. ಮನೆಯಲ್ಲಿ ಇಂಟರ್‌ನೆಟ್ ತೊಂದರೆ ಇರುವವರು ನನಗೆ ತಿಳಿಸಿ, ಶಾಲೆಯ ಕಂಪ್ಯೂಟರ್ ಕೊಠಡಿ ಶನಿವಾರ ಸಂಜೆ ಐದರವರೆಗೆ ತೆರೆದಿರುತ್ತದೆ.

ಪ್ರತಿ ಅಕ್ಟೋಬರ್‌ನಲ್ಲಿ ಲೋಕದ ಹಲವೆಡೆ ಇಟಾಲಿಯನ್ ಭಾಷಾ ಸಪ್ತಾಹ ನಡೆಯುತ್ತದೆ, 2001ರಿಂದ ಬಂದ ಪದ್ಧತಿ. ಆ ವಾರದ ಶನಿವಾರ ನಮ್ಮ ಮಕ್ಕಳು ತಾವೇ ಆರಿಸಿದ ಹಾಡು, ಕಥೆ ಹೇಳುತ್ತಾರೆ. ದಯವಿಟ್ಟು ಬನ್ನಿ, ಅಜ್ಜ ಅಜ್ಜಿಯರನ್ನೂ ಕರೆತನ್ನಿ.

ಇತಿ ನಿಮ್ಮ,
ಮುಖ್ಯ ಶಿಕ್ಷಕಿ