ಮ್ಯಾಂಡೊಲಿನ್: ಬೆರಳನ್ನು ದೂರುವ ಮೊದಲು ಬ್ರಿಡ್ಜ್ ನೋಡಿ

ಮಾನ್ಯರೇ,

ತಂತಿವಾದ್ಯ ಕಲಿಯಲು ಬಂದವರು ಕೆಲವೇ ವಾರಗಳಲ್ಲಿ ಕೈಬಿಡುವುದಕ್ಕೆ ಅಭ್ಯಾಸದ ಕೊರತೆಯೇ ಕಾರಣ ಎಂಬ ಅಭಿಪ್ರಾಯ ತಮ್ಮ ಪತ್ರಿಕೆಯ ಲೇಖನವೊಂದರಲ್ಲಿ ವ್ಯಕ್ತವಾಗಿತ್ತು. ಮ್ಯಾಂಡೊಲಿನ್ ಕಲಿಸುವವನಾಗಿ ನಾನು ಇದನ್ನು ಒಪ್ಪಲಾರೆ. ಎಷ್ಟೋ ಸಲ ತೊಂದರೆ ಇರುವುದು ಕಲಿಯುವವರಲ್ಲಲ್ಲ, ಅವರ ಕೈಗೆ ಕೊಟ್ಟ ವಾದ್ಯದ ತಂತಿಗಳ ಎತ್ತರದಲ್ಲಿ.

ಮ್ಯಾಂಡೊಲಿನ್‌ನಲ್ಲಿ ಎಂಟು ಉಕ್ಕಿನ ತಂತಿಗಳು ನಾಲ್ಕು ಜೋಡಿಗಳಾಗಿರುತ್ತವೆ. ಒಂದೇ ಬೆರಳು ಪ್ರತಿ ಸಲವೂ ಬಿಗಿಯಾದ ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಹನ್ನೆರಡನೇ ಫ್ರೆಟ್‌ನ (ಬೆರಳಿಡುವ ಪಟ್ಟಿಯ ಮೇಲಿನ ಅಡ್ಡ ಲೋಹದ ಕಂಬಿಯ) ಮೇಲೆ ತಂತಿ ಸುಮಾರು 1.5ರಿಂದ 2 ಮಿಲಿಮೀಟರ್ ಎತ್ತರದಲ್ಲಿದ್ದರೆ ನುಡಿಸುವುದು ಸುಲಭ. ಅದೇ 3 ಮಿಲಿಮೀಟರ್ ಆದರೆ ಬೆರಳ ತುದಿಯಲ್ಲಿ ಎರಡು ಆಳವಾದ ಗೆರೆಗಳು ಮೂಡುವುದಷ್ಟೇ ಅಲ್ಲ, ಫ್ರೆಟ್ ಮುಟ್ಟುವವರೆಗೆ ತಂತಿ ಹಿಗ್ಗಬೇಕಾದ್ದರಿಂದ ಸ್ವರವೂ ಏರುತ್ತದೆ. ಮಗು ಸರಿಯಾದ ಜಾಗದಲ್ಲೇ ಒತ್ತಿರುತ್ತದೆ, ಆದರೂ ಶ್ರುತಿ ಸೇರುವುದಿಲ್ಲ. ಸ್ವರಜ್ಞಾನ ಸಾಲದು ಎಂಬ ಮಾತನ್ನು ವೃಥಾ ಕೇಳಬೇಕಾಗುತ್ತದೆ. ಇದು ಅನ್ಯಾಯವೆಂದೇ ನನ್ನ ಭಾವನೆ.

ಹಾಗೆಂದು ನೇರವಾಗಿ ಬ್ರಿಡ್ಜ್‌ಗೆ (ಒಡಲಿನ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ) ಕೈಹಾಕುವುದೂ ತಪ್ಪು. ಮೊದಲು ನೋಡಬೇಕಾದದ್ದು ನೆಕ್, ಅಂದರೆ ವಾದ್ಯದ ಉದ್ದನೆಯ ಕತ್ತು. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಒಡಲನ್ನು ಸೇರುವ ಜಾಗದಲ್ಲೂ ಒಮ್ಮೆಲೇ ಒತ್ತಿ ಹಿಡಿದರೆ ಅದೇ ಅಳತೆಪಟ್ಟಿಯಂತಾಗುತ್ತದೆ. ನಡುವಿನ ಫ್ರೆಟ್‌ಗಳ ಮೇಲೆ ಕೂದಲೆಳೆಯಷ್ಟು ಸಂದು ಕಂಡರೆ ಸಾಕು. ಸಂದು ಬಹಳ ಹೆಚ್ಚಿದ್ದರೆ ನೆಕ್ ಬಾಗಿದೆ ಎಂದರ್ಥ, ಅದನ್ನು ವಾದ್ಯ ರಿಪೇರಿ ಬಲ್ಲವರಿಗೇ ಬಿಡುವುದು ಕ್ಷೇಮ. ಆಮೇಲೆ ನಟ್, ಅಂದರೆ ನೆಕ್ ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ. ಮೂರನೇ ಫ್ರೆಟ್‌ನ ಹಿಂದೆ ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ತಂತಿ ತಾಕಿಯೂ ತಾಕದಂತಿರಬೇಕು. ನಟ್ ಎತ್ತರವಾಗಿದ್ದರೆ ಬ್ರಿಡ್ಜ್ ಎಷ್ಟೇ ಇಳಿಸಿದರೂ ಮೊದಲ ಎರಡು ಫ್ರೆಟ್‌ಗಳ ನೋವು ಹೋಗುವುದಿಲ್ಲ, ಹೊಸಬರು ಹೆಚ್ಚಾಗಿ ನುಡಿಸುವುದು ಅಲ್ಲಿಯೇ.

ಇವೆರಡೂ ಸರಿಯಿದ್ದ ಮೇಲೆ ಬ್ರಿಡ್ಜ್‌ನ ಸರದಿ. ಇದನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೊಂದೇ ಅದನ್ನು ಹಿಡಿದಿರುತ್ತದೆ. ಆದ್ದರಿಂದ ಎಲ್ಲ ತಂತಿಗಳನ್ನೂ ಒಟ್ಟಿಗೆ ಬಿಚ್ಚಿದರೆ ಅದು ಜಾರಿ ಬಿದ್ದು ಅದರ ಜಾಗವೇ ತಪ್ಪಿಹೋಗುತ್ತದೆ. ತಂತಿಗಳನ್ನು ಸಡಿಲಿಸಿ, ಬ್ರಿಡ್ಜ್‌ನ ಎರಡೂ ಬದಿಯ ಚಕ್ರಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಬಿಗಿಯಾದ ತಂತಿಗಳ ಕೆಳಗೆ ಬಲವಂತವಾಗಿ ತಿರುಗಿಸಿದರೆ ತಿರುಪಿನ ಸುತ್ತುಗಳು ಸವೆಯುತ್ತವೆ. ಹನ್ನೆರಡನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಬ್ರಿಡ್ಜ್ ಒಂದು ಮಿಲಿಮೀಟರ್ ಇಳಿಯಬೇಕು. ದಪ್ಪ ತಂತಿ ಹೆಚ್ಚು ಅಗಲವಾಗಿ ಕಂಪಿಸುವುದರಿಂದ ಆ ಬದಿಯನ್ನು ತುಸು ಎತ್ತರವಾಗಿಯೇ ಬಿಡಬೇಕು. ಚಕ್ರಗಳಿಲ್ಲದ ಬ್ರಿಡ್ಜ್ ಆದರೆ ಮರವನ್ನೇ ತೇಯಬೇಕಾಗುತ್ತದೆ. ತೇಯ್ದ ಮರ ಮರಳಿ ಬಾರದು, ಅವಸರ ಮಾಡಬಾರದು.

ಅತಿಯಾಗಿ ಇಳಿಸುವ ಆಸೆಯ ಬಗ್ಗೆಯೂ ಹೇಳಲೇಬೇಕು. ತಂತಿ ಫ್ರೆಟ್‌ಗೆ ತಾಗಿ ಗರಗರ ಎನ್ನುವುದು ಎಲ್ಲರಿಗೂ ಕೇಳಿಸುತ್ತದೆ, ಆದರೆ ಬ್ರಿಡ್ಜ್ ಇಳಿದಷ್ಟೂ ತಂತಿಗಳು ಅದನ್ನು ಒಡಲಿನತ್ತ ಒತ್ತುವ ಬಲ ಕುಗ್ಗಿ ನಾದವೇ ತೆಳುವಾಗುವುದು ಹಲವರ ಗಮನಕ್ಕೆ ಬರುವುದಿಲ್ಲ. ಗಟ್ಟಿಯಾಗಿ ಮೀಟುವವರಿಗೆ ತುಸು ಎತ್ತರವೇ ಒಳ್ಳೆಯದು.

ಎತ್ತರ ಬದಲಾದ ಮೇಲೆ ಬ್ರಿಡ್ಜ್‌ನ ಸ್ಥಾನವನ್ನೂ ಪರೀಕ್ಷಿಸಬೇಕು. ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ ಕೇವಲ ಸೋಕಿಸಿ ಮೀಟಿದಾಗ ಬರುವ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜ್ ಅನ್ನು ಟೇಲ್‌ಪೀಸ್ (ಒಡಲಿನ ತುದಿಯಲ್ಲಿ ತಂತಿಗಳನ್ನು ಸಿಕ್ಕಿಸುವ ಭಾಗ) ಕಡೆಗೆ, ಇಳಿದಿದ್ದರೆ ನೆಕ್ ಕಡೆಗೆ ಕೂದಲಷ್ಟು ಸರಿಸಬೇಕು. ಶ್ರುತಿ ಏರಿಸುವಾಗ ತಂತಿಗಳು ಬ್ರಿಡ್ಜ್‌ನ ತಲೆಯನ್ನು ನೆಕ್ ಕಡೆಗೆ ಎಳೆಯುತ್ತವೆ. ಅದು ವಾಲಿದ್ದರೆ ನೆಟ್ಟಗೆ ನಿಲ್ಲಿಸಿ, ಅದರ ಪಾದಗಳು ಸಂದಿಲ್ಲದೆ ಮರದ ಮೇಲೆ ಕೂತಿವೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ತೇವದ ಹವೆಗೆ ಮರ ಉಬ್ಬಿ ತಂತಿಗಳು ಏರುತ್ತವೆ, ಒಣ ಹವೆಗೆ ಇಳಿಯುತ್ತವೆ, ಹಾಗಾಗಿ ಹವೆ ಬದಲಾದಾಗಲೆಲ್ಲ ಈ ಅಳತೆ ತೆಗೆಯಬೇಕು.

ಮ್ಯಾಂಡೊಲಿನ್ ಕಲಿಸುವ ಎಲ್ಲರಲ್ಲೂ ನನ್ನ ವಿನಂತಿ ಇಷ್ಟೇ: ಮೊದಲ ಪಾಠಕ್ಕೆ ಮುನ್ನ ವಿದ್ಯಾರ್ಥಿಯ ವಾದ್ಯದ ಹನ್ನೆರಡನೇ ಫ್ರೆಟ್‌ನ ಮೇಲೆ ಒಂದು ಅಳತೆಪಟ್ಟಿ ಇಟ್ಟು ನೋಡಿ.

ಇಂತಿ ತಮ್ಮ ವಿಶ್ವಾಸಿ,
ಮ್ಯಾಂಡೊಲಿನ್ ಶಿಕ್ಷಕ