90.7 ಕಿಲೋ: ಕೋಲಾರದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ತಮ್ಮ ಪ್ರೊಫೆಷನಲ್ ಬಾಕ್ಸಿಂಗಿಗೆ ಇಳಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ ಎಂದು ಬರೆದಿದ್ದೀಯ. ವಯಸ್ಸು 22, ಎತ್ತರ 5 ಅಡಿ 11 ಅಂಗುಲ, ಬೆಳಗಿನ ತೂಕ 97 ಕಿಲೋ. ಎಪಿಎಂಸಿಯಲ್ಲಿ 15 ಕಿಲೋದ ಟೊಮೆಟೊ ಬಾಕ್ಸುಗಳನ್ನು ಲಾರಿಗೆ ಎತ್ತಿ ಎತ್ತಿ ಬೆನ್ನು, ಹೆಗಲು ಗಟ್ಟಿಯಾಗಿದೆ. ಊರಲ್ಲಿ ಎಲ್ಲರೂ ಅವನನ್ನು ಹೆವಿವೇಟ್ ಅನ್ನುತ್ತಿದ್ದಾರಂತೆ. ಆ ಮಾತು ಅವನ ತಲೆಗೆ ಹೋಗದಿರಲಿ. ಇವತ್ತಿನ ಹೆವಿವೇಟ್ ಬಾಕ್ಸರುಗಳಲ್ಲಿ ಆರೂವರೆ ಅಡಿ ಎತ್ತರ, 110 ಕಿಲೋ ತೂಕದವರು ಸಾಮಾನ್ಯ. ಅವರ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಇವನ ಮುಖಕ್ಕೆ ತಾಗುವ ದೂರದಿಂದ ಇವನ ಕೈ ಅವರ ಎದೆಗೂ ಎಟಕುವುದಿಲ್ಲ. ಇವನ ಜಾಗ ಹೆವಿವೇಟಿಗಿಂತ ಕೆಳಗಿನ ತೂಕದ ತರಗತಿಯಾದ ಕ್ರೂಸರ್‌ವೇಟ್.

ಆ ತರಗತಿ ಹುಟ್ಟಿದ್ದೇ ಇಂಥ ಮೈಕಟ್ಟಿನವರಿಗಾಗಿ. ಲೈಟ್ ಹೆವಿವೇಟ್ 175 ಪೌಂಡಿಗೆ, ಅಂದರೆ 79.4 ಕಿಲೋಗೆ ಮುಗಿಯುತ್ತದೆ. ಅದರ ಮೇಲೆ ಮೊದಲು ಮಿತಿಯೇ ಇರಲಿಲ್ಲ, 85 ಕಿಲೋದವನು 105 ಕಿಲೋದವನ ಎದುರು ನಿಲ್ಲಬೇಕಿತ್ತು. ಪ್ರೊಫೆಷನಲ್ ಪಟ್ಟ ಕೊಡುವ ಡಬ್ಲ್ಯುಬಿಸಿ ಸಂಸ್ಥೆ ನಡುವೆ ಒಂದು ತರಗತಿ ಮಾಡಿ 1979ರ ಡಿಸೆಂಬರಿನಲ್ಲಿ ಮಾರ್ವಿನ್ ಕ್ಯಾಮೆಲ್ ಮತ್ತು ಮಾಟೆ ಪಾರ್ಲೊವ್ ನಡುವೆ ಮೊದಲ ಪಟ್ಟದ ಪಂದ್ಯ ಇಟ್ಟಿತು. ಅದು ಡ್ರಾ ಆಯಿತು. ಮರುವರ್ಷ ಮಾರ್ಚಿನಲ್ಲಿ ಅವರಿಬ್ಬರೇ ಮತ್ತೆ ಆಡಿ ಕ್ಯಾಮೆಲ್ ಗೆದ್ದ. ಆಗ ಮಿತಿ 190 ಪೌಂಡ್. ಈಗ 200, ನಮ್ಮ ಲೆಕ್ಕದಲ್ಲಿ 90.7 ಕಿಲೋ.

ಒಂದು ಕಹಿ ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಇರುವುದು ಮೇಲಿನ ಅಟ್ಟದಲ್ಲಿ. ಇವ್ಯಾಂಡರ್ ಹೋಲಿಫೀಲ್ಡ್ 1988ರ ಏಪ್ರಿಲಿನಲ್ಲಿ ಕ್ರೂಸರ್‌ವೇಟಿನ ಆಗಿದ್ದ ಮೂರೂ ಬೆಲ್ಟ್, ಅಂದರೆ ಬೇರೆ ಬೇರೆ ಸಂಸ್ಥೆಗಳ ಪಟ್ಟ, ಒಟ್ಟು ಮಾಡಿದ ಕೂಡಲೇ ಹೆವಿವೇಟಿಗೆ ಏರಿದ. ಡೇವಿಡ್ ಹೇ ಕೂಡ ಅದನ್ನೇ ಮಾಡಿದ. ಒಲೆಕ್ಸಾಂಡರ್ ಉಸಿಕ್ 2018ರ ಜುಲೈ 21ರಂದು ಮಾಸ್ಕೋದಲ್ಲಿ ಮುರಾತ್ ಗಾಸಿಯೆವ್‌ನನ್ನು ಸೋಲಿಸಿ ಈಗಿರುವ ನಾಲ್ಕೂ ಬೆಲ್ಟ್ ಹೊತ್ತ, ಇನ್ನೊಂದೇ ಪಂದ್ಯ ಆಡಿ ಮೇಲಕ್ಕೆ ಹೋದ. ಹಾಗಂತ ಇದನ್ನು ಬಸ್‌ಸ್ಟ್ಯಾಂಡ್ ಅಂದುಕೊಳ್ಳಬಾರದು. ಉಸಿಕ್ ಮೇಲೆ ಹೋಗಿ ತನಗಿಂತ ದೊಡ್ಡವರನ್ನು ಸೋಲಿಸಿದ್ದು ಕ್ರೂಸರ್‌ವೇಟಿನಲ್ಲಿ ಪಳಗಿದ ಕಾಲುಗಳಿಂದ. 12 ರೌಂಡ್ ನಿಲ್ಲದೆ ಸುತ್ತುವುದನ್ನು ಈ ತೂಕ ಕಲಿಸುತ್ತದೆ.

ಈಗಲೇ ಪ್ರೊಫೆಷನಲ್ ಪರವಾನಗಿಗೆ ಓಡಬೇಡಿ. ಮೊದಲು ಅಮೆಚೂರಿನಲ್ಲಿ ಕನಿಷ್ಠ 30 ಪಂದ್ಯ ಆಡಲಿ. ಅಮೆಚೂರ್ ಪಂದ್ಯಗಳನ್ನು ನೋಡಿಕೊಳ್ಳುವ ವರ್ಲ್ಡ್ ಬಾಕ್ಸಿಂಗ್ ಸಂಸ್ಥೆಯ ಈಗಿನ ಪಟ್ಟಿಯಲ್ಲಿ ಗಂಡಸರಿಗೆ 90 ಕಿಲೋ ತರಗತಿ ಇದೆ, ಇವನಿಗೆ ಸರಿಹೊಂದುತ್ತದೆ. ಅಲ್ಲಿ ಮೂರೇ ರೌಂಡ್, ತಪ್ಪು ಮಾಡಿದರೂ ದಾಖಲೆ ಕೆಡುವುದಿಲ್ಲ. ಪ್ರೊಫೆಷನಲ್‌ನಲ್ಲಿ ಒಂದು ಸೋಲು ಹೆಸರಿನ ಪಕ್ಕ ಕೊನೆತನಕ ಕೂತಿರುತ್ತದೆ. ವಿಜೇಂದರ್ ಸಿಂಗ್ ಒಲಿಂಪಿಕ್ ಕಂಚು ಗೆದ್ದಿದ್ದವನು, ಆದರೂ 2015ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವನು ಶುರು ಮಾಡಿದ್ದು ನಾಲ್ಕು ರೌಂಡಿನ ಪಂದ್ಯದಿಂದ. ನಾಲ್ಕು, ಆರು, ಎಂಟು, ಹತ್ತು ಅಂತ ಏರಿ ಪಟ್ಟದ ಪಂದ್ಯಕ್ಕೆ ಹನ್ನೆರಡು. ಪ್ರತಿ ರೌಂಡ್ ಮೂರು ನಿಮಿಷ, ನಡುವೆ ಒಂದು ನಿಮಿಷ ಬಿಡುವು.

ನಮ್ಮ ಕಡೆ ಇವನಿಗೆ ಎದುರಾಗುವ ದೊಡ್ಡ ತೊಂದರೆ ಜೊತೆಗಾರರದ್ದು. 60 ಕಿಲೋದ ಹುಡುಗರು ಯಾವ ಜಿಮ್‌ಗೆ ಹೋದರೂ ಸಿಗುತ್ತಾರೆ, 90ರವರು ಸಿಗುವುದಿಲ್ಲ. ಆಗ ಸಣ್ಣವರ ಜೊತೆ ಸ್ಪ್ಯಾರಿಂಗ್, ಅಂದರೆ ಅಭ್ಯಾಸದ ಹೊಡೆದಾಟ, ಮಾಡಿಸುತ್ತಾರೆ, ಅಲ್ಲೇ ಹಾಳಾಗುವುದು. ಸಣ್ಣವನಿಗೆ ಪೆಟ್ಟಾಗದಿರಲಿ ಅಂತ ಇವನು ಕೈ ತಡೆದು ಹೊಡೆಯುತ್ತಾನೆ. ಎದುರಿಂದ ಭಾರದ ಏಟು ಬರುವುದಿಲ್ಲವಾದ್ದರಿಂದ ಗಾರ್ಡ್, ಅಂದರೆ ಮುಖ ಕಾಯುವ ಕೈ, ಇಳಿಯುತ್ತದೆ. ಆ ಎರಡೂ ಅಭ್ಯಾಸ ಪಂದ್ಯದ ದಿನ ಹಾಗೇ ಬರುತ್ತವೆ. ವರ್ಷಕ್ಕೆ ಎರಡು ಸಲವಾದರೂ ಹರಿಯಾಣದ ಭಿವಾನಿ ಕಡೆ ತಿಂಗಳು ಕಾಲ ಹೋಗಿ ತನ್ನ ತೂಕದವರ ಜೊತೆ ಆಡಲಿ. ಸ್ಪ್ಯಾರಿಂಗಿಗೆ 16 ಔನ್ಸ್ ಗ್ಲೌಸ್, ಪಂದ್ಯಕ್ಕೆ 10 ಔನ್ಸ್. ಆರು ಔನ್ಸ್ ಅಂದರೆ 170 ಗ್ರಾಂ ಮೆತ್ತೆ ಕಡಿಮೆಯಾಗುತ್ತದೆ. ಜಿಮ್ಮಿನಲ್ಲಿ ತಡೆದುಕೊಂಡ ಹುಕ್, ಅಂದರೆ ಬದಿಯಿಂದ ಬಾಗಿ ಬರುವ ಏಟು, ರಿಂಗಿನಲ್ಲಿ ಮೊಣಕಾಲು ಮಡಿಸುತ್ತದೆ.

ಇನ್ನು ತೂಕ ಇಳಿಸುವುದು. ಇದನ್ನು ನಿಧಾನವಾಗಿ ಓದು, ಹುಡುಗರು ಸಾಯುವುದು ಇಲ್ಲೇ. 97ರಿಂದ 90.7ಕ್ಕೆ ಇಳಿಯಬೇಕಾದದ್ದು 6.3 ಕಿಲೋ. ಎಂಟು ವಾರ ಮುಂಚೆ ಶುರು ಮಾಡಿ ವಾರಕ್ಕೆ ಅರ್ಧ ಕಿಲೋದಂತೆ ನಾಲ್ಕು ಕಿಲೋ ಊಟದಲ್ಲೇ ಇಳಿಯಲಿ. ಮುದ್ದೆ ಬಿಡಬೇಕಾಗಿಲ್ಲ, ಮಧ್ಯಾಹ್ನ ಎರಡಿದ್ದದ್ದು ಒಂದಾಗಲಿ. ಬಸ್ಸಾರು, ಕಾಳು, ಮೊಟ್ಟೆ, ಕೋಳಿ ಇರಲಿ. ರಾತ್ರಿ ಅನ್ನ, ಬೋಂಡ, ಸಕ್ಕರೆ ಟೀ ಹೋಗಲಿ. ಹೀಗೆ ಮಾಡಿದರೆ ಪಂದ್ಯದ ವಾರಕ್ಕೆ 93ರಲ್ಲಿ ಬರುತ್ತಾನೆ. ಉಳಿದ ಎರಡು ಚಿಲ್ಲರೆ ಕಿಲೋ ಕೊನೆಯ ನಾಲ್ಕೈದು ದಿನದಲ್ಲಿ ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿ, ಮುದ್ದೆ, ಅನ್ನ ಕಡಿಮೆ ಮಾಡಿದರೆ ಸಾಕು. ಸ್ನಾಯುವಿನಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೊಜೆನ್ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ತೂಕ ಹಾಕುವ ಹಿಂದಿನ ದಿನ ಮಾತ್ರ ನೀರು ಕಡಿಮೆ.

ಪ್ಲಾಸ್ಟಿಕ್ ಸೂಟ್ ಹಾಕಿ ಬಿಸಿಲಲ್ಲಿ ಓಡಿಸುವುದು, ಬಿಸಿ ಕೋಣೆಯಲ್ಲಿ ಕೂರಿಸುವುದು ಬೇಡವೇ ಬೇಡ. ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಮಾತ್ರೆ ಯಾರಾದರೂ ಕೊಟ್ಟರೆ ಅಲ್ಲಿಂದ ಎದ್ದು ಬರಲಿ. ಅದು ನಿಷೇಧಿತ ಔಷಧಗಳ ಪಟ್ಟಿಯಲ್ಲಿದೆ, ಎದೆಬಡಿತವನ್ನೂ ಏರುಪೇರು ಮಾಡುತ್ತದೆ. ಮೈ ಒಣಗಿದವನು ತಲೆಗೆ ಏಟು ತಿನ್ನುವುದು ಎರಡು ಪಟ್ಟು ಅಪಾಯ. ತೂಕ ಹಾಕುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ, ಮರಳಿ ನೀರು ತುಂಬಲು ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ ಸಿಗುತ್ತದೆ. ಆ ಹೊತ್ತಿನಲ್ಲಿ ಬರೀ ನೀರು ಗಟಗಟ ಕುಡಿಯಬಾರದು, ರಕ್ತದ ಸೋಡಿಯಂ ತೆಳುವಾಗಿ ತಲೆ ಸುತ್ತುತ್ತದೆ. ಓಆರ್‌ಎಸ್ ಗುಟುಕು ಗುಟುಕಾಗಿ, ಆಮೇಲೆ ತಿಳಿ ಗಂಜಿ, ಆಮೇಲೆ ಅನ್ನ ತಿಳಿಸಾರು. 1986ರಲ್ಲಿ ಹೋಲಿಫೀಲ್ಡ್ ತನ್ನ ಹನ್ನೆರಡನೇ ಪಂದ್ಯದಲ್ಲಿ ಡ್ವೈಟ್ ಮೊಹಮ್ಮದ್ ಕಾವಿ ಜೊತೆ 15 ರೌಂಡ್ ಆಡಿ ಗೆದ್ದ. ಆ ಒಂದು ರಾತ್ರಿಯಲ್ಲಿ ಸುಮಾರು 15 ಪೌಂಡ್ ಬೆವರು ಹೋಗಿ ಆಸ್ಪತ್ರೆ ಸೇರಬೇಕಾಯಿತು. ತುಂಬಿದ ಮೈಯಿಂದಲೇ ಅಷ್ಟು ಹೋಗುವುದಾದರೆ, ಒಣಗಿ ಬಂದವನ ಗತಿ ಏನು?

ಪಟ್ಟದ ಪಂದ್ಯಗಳಲ್ಲಿ ಇದಕ್ಕೆ ನಿಯಮವೂ ಇದೆ. ಡಬ್ಲ್ಯುಬಿಸಿ 30 ದಿನ ಮುಂಚೆ ಮಿತಿಗಿಂತ ಶೇ. 10, ಏಳು ದಿನ ಮುಂಚೆ ಶೇ. 5ಕ್ಕಿಂತ ಹೆಚ್ಚಿರಬಾರದು ಅನ್ನುತ್ತದೆ. ಇವನ ಲೆಕ್ಕದಲ್ಲಿ 99.8 ಮತ್ತು 95.2 ಕಿಲೋ. ಪಟ್ಟ ಇನ್ನೂ ದೂರ, ಆದರೆ ಮೊದಲ ಪಂದ್ಯದಿಂದಲೇ ಈ ಗೆರೆ ಪಾಲಿಸಲಿ.

ಕೈ ಕಟ್ಟುವುದನ್ನು ಅವನೇ ಕಲಿಯಬೇಕು. ನಾಲ್ಕೂವರೆ ಮೀಟರ್ ಹತ್ತಿ ಪಟ್ಟಿ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಕೈಯ ಹಿಂಬದಿಯಿಂದ ಮಣಿಕಟ್ಟಿಗೆ ಮೂರು ಸುತ್ತು, ಬೆರಳ ಗಿಣ್ಣುಗಳ ಮೇಲೆ ಮೂರು ಸುತ್ತು, ಬೆರಳ ಸಂದುಗಳಲ್ಲಿ ಒಂದೊಂದು ಸಲ, ಹೆಬ್ಬೆರಳ ಬುಡಕ್ಕೆ ಒಂದು ಬೀಗ, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಕಟ್ಟುವಾಗ ಬೆರಳುಗಳನ್ನು ಪೂರ್ತಿ ಅಗಲಿಸಿ ಹಿಡಿದಿರಬೇಕು. ಸಡಿಲ ಕೈಗೆ ಬಿಗಿಯಾಗಿ ಕಟ್ಟಿದರೆ ಮುಷ್ಟಿ ಹಿಡಿದಾಗ ರಕ್ತ ನಿಂತು ಬೆರಳ ತುದಿ ನೀಲಿಯಾಗುತ್ತದೆ, ಎರಡನೇ ರೌಂಡಿಗೆ ಕೈ ಮರಗಟ್ಟುತ್ತದೆ. ಹುಕ್ ಹೊಡೆಯುವಾಗ ಏಟು ತೋರುಬೆರಳು, ನಡುಬೆರಳಿನ ಗಿಣ್ಣಿನಲ್ಲಿ ಕೂರಬೇಕು. ಕಿರುಬೆರಳ ಕಡೆಯಿಂದ ಹಣೆಗೆ ಬಿದ್ದರೆ ಅಂಗೈಯ ಐದನೇ ಮೂಳೆ, ಅಂದರೆ ಕಿರುಬೆರಳಿನ ಬುಡದ್ದು, ಗಿಣ್ಣಿನ ಸ್ವಲ್ಪ ಕೆಳಗೆ ಮುರಿಯುತ್ತದೆ. ಎಲ್ಲ ತೂಕದಲ್ಲೂ ಆಗುವ ಗಾಯವೇ, ಆದರೆ 90 ಕಿಲೋ ಹಿಂದೆ ನಿಂತು ತಳ್ಳುವಾಗ ಬೇಗ ಆಗುತ್ತದೆ.

ಹಲ್ಲಿನ ಗಾರ್ಡ್ ಅಂಗಡಿಯದ್ದು ಬೇಡ, ದಂತವೈದ್ಯರ ಹತ್ತಿರ ಅಚ್ಚು ತೆಗೆಸಿ ಮಾಡಿಸಿ. 2022ರ ಜುಲೈನಲ್ಲಿ ಆಸ್ಟ್ರೇಲಿಯಾದ ಜೈ ಒಪೆಟಾಯಾ ಎರಡೂ ಬದಿ ದವಡೆ ಮುರಿದುಕೊಂಡೇ ಮೈರಿಸ್ ಬ್ರಿಡಿಸ್ ಎದುರು 12 ರೌಂಡ್ ಮುಗಿಸಿ ಬೆಲ್ಟ್ ಗೆದ್ದ. ಅವನ ಧೈರ್ಯ ದೊಡ್ಡದು. ಆದರೆ ಹುಡುಗರು ಅದರಿಂದ ಕಲಿಯಬೇಕಾದದ್ದು ಬೇರೆ: ದಣಿದಾಗ ಬಾಯಿ ತೆರೆಯುತ್ತದೆ, ತೆರೆದ ದವಡೆ ಸುಲಭವಾಗಿ ಮುರಿಯುತ್ತದೆ. ಅದಕ್ಕೇ ಅಂತರಗಂಗೆ ಮೆಟ್ಟಿಲು ಹತ್ತುವಾಗಲೂ ಗಾರ್ಡ್ ಕಚ್ಚಿಕೊಂಡು, ಮೂಗಿನಲ್ಲಿ ಉಸಿರಾಡಿ ಹತ್ತಲಿ. ಮೂರು ನಿಮಿಷ ಜೋರಾಗಿ, ಒಂದು ನಿಮಿಷ ನಿಂತು, ಎಂಟು ಸಲ. ಹತ್ತು ಕಿಲೋಮೀಟರ್ ಡಾಂಬರು ರಸ್ತೆಯ ಓಟ ಆ ತೂಕದವನ ಮಂಡಿ ತಿನ್ನುತ್ತದೆ.

ದುಡ್ಡಿನ ಲೆಕ್ಕ ಚಿಕ್ಕದು. ಪರ್ಸ್, ಅಂದರೆ ಪಂದ್ಯದ ಸಂಭಾವನೆ, ಒಂದು ಲಕ್ಷ ಅಂದುಕೋ. ಮ್ಯಾನೇಜರ್ ಶೇ. 25, ತರಬೇತುದಾರ ಶೇ. 10 ತೆಗೆದರೆ ಉಳಿದದ್ದು 65,000. ಎರಡು ತಿಂಗಳ ಊಟ, ಭಿವಾನಿ ಪ್ರಯಾಣ, ಪರೀಕ್ಷೆಗಳು ಎಲ್ಲ ಅದರಲ್ಲೇ. ಆದ್ದರಿಂದ ಕೆಲಸ ಬಿಡಿಸಬೇಡ, ಎತ್ತುವ ಕೆಲಸದಿಂದ ಬರೆಯುವ ಕೆಲಸಕ್ಕೆ ಬದಲಾಯಿಸು. ಒಪ್ಪಂದದಲ್ಲಿ ಅವಧಿ, ವರ್ಷಕ್ಕೆ ಇಷ್ಟು ಪಂದ್ಯ ಕೊಡಿಸುವ ಖಾತರಿ, ಗಾಯವಾದರೆ ಖರ್ಚು ಯಾರದು, ಈ ಮೂರೂ ಬರಹದಲ್ಲಿ ಇರದಿದ್ದರೆ ಸಹಿ ಹಾಕಿಸಬೇಡ.

ಸ್ಪ್ಯಾರಿಂಗಿನಲ್ಲಾಗಲಿ ಪಂದ್ಯದಲ್ಲಾಗಲಿ ನಾಕೌಟ್ ಆದರೆ ಕನಿಷ್ಠ ಒಂದು ತಿಂಗಳು ತಲೆಗೆ ಏಟು ಬೀಳಬಾರದು. ತಲೆನೋವು ಹೋಯಿತಲ್ಲ ಅಂತ ಹತ್ತನೇ ದಿನಕ್ಕೆ ರಿಂಗಿಗೆ ಹತ್ತಿಸುವ ಕೋಚ್ ಸಿಕ್ಕರೆ ಜಿಮ್ ಬದಲಾಯಿಸು.

ಬರುವ ತಿಂಗಳು ಅವನನ್ನು ತುಮಕೂರಿಗೆ ಕಳಿಸು. ಬರುವಾಗ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ, ಇಸಿಜಿ, ಮೆದುಳಿನ ಎಂಆರ್‌ಐ, ಪಾಪೆ ಹಿಗ್ಗಿಸಿ ನೋಡಿದ ಕಣ್ಣಿನ ವರದಿ ತರಲಿ. ರೆಟಿನಾ ತೆಳುವಾಗಿದ್ದರೆ ಅಲ್ಲಿಗೇ ಮಾತು ಮುಗಿಯಿತು. ನಾಳೆಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದಮೇಲೆ, ಒಂದೇ ತಕ್ಕಡಿಯಲ್ಲಿ, ಬರಿಮೈ ತೂಕ ಬರೆದಿಡಲಿ. 30 ದಿನದ ಆ ಅಂಕಿಗಳು ಕೈಯಲ್ಲಿದ್ದರೆ ಮೊದಲ ವಾರದ ಊಟದ ಪಟ್ಟಿ ಅಂದೇ ಬರೆದು ಕೊಡುತ್ತೇನೆ.

ನಿನ್ನ ಗೆಳೆಯ,
ತುಮಕೂರಿನಿಂದ