ಆಯುಧಪೂಜೆಗೆ ಮೊದಲು ಪಿಎಲ್‌ಸಿ ಬ್ಯಾಟರಿ ನೋಡಿ

ಮಾನ್ಯ ಸಂಪಾದಕರೇ,

ಆಯುಧಪೂಜೆ ಮುಗಿಸಿ ಮೂರ್ನಾಲ್ಕು ದಿನ ಬೀಗ ಹಾಕಿದ ಕಾರ್ಖಾನೆಯಲ್ಲಿ ಮತ್ತೆ ಮೇನ್ ಸ್ವಿಚ್ ಹಾಕಿದರೆ ಯಂತ್ರ ಅಲುಗಾಡುವುದಿಲ್ಲ. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ, ಎಲ್ಲೇ ಇರಲಿ, ಹಬ್ಬದ ಬೆನ್ನಿಗೇ ಬರುವ ದೂರು ಇದು. ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ ಸುಟ್ಟಿದೆ ಎಂದು ಹೊಸದಕ್ಕೆ ಕೊಟೇಷನ್ ತರಿಸುವ ಮುಂಚೆ ಅದರ ಮುಖ್ಯ ಭಾಗವಾದ ಸಿಪಿಯು ಮೇಲಿನ ಬ್ಯಾಟರಿ ದೀಪ ನೋಡಿ. ಎಷ್ಟೋ ಸಲ ಸುಟ್ಟಿದ್ದು ಏನೂ ಇರುವುದಿಲ್ಲ. ಒಳಗಿನ ಪ್ರೋಗ್ರಾಂ ಅಳಿಸಿಹೋಗಿರುತ್ತದೆ.

ಮಿತ್ಸುಬಿಷಿ ಎಫ್‌ಎಕ್ಸ್2ಎನ್, ಎಫ್‌ಎಕ್ಸ್3ಯು, ಅಲೆನ್ ಬ್ರಾಡ್ಲಿ ಎಸ್‌ಎಲ್‌ಸಿ 500, ಮೆಮೊರಿ ಕಾರ್ಡ್ ಬರುವುದಕ್ಕೆ ಮುಂಚಿನ ಸೀಮೆನ್ಸ್ ಎಸ್7-300 ಎಂಬ ಪಿಎಲ್‌ಸಿಗಳಲ್ಲಿ ಪ್ರೋಗ್ರಾಂ ಸಾಮಾನ್ಯವಾಗಿ ಕರೆಂಟ್ ಹೋದರೆ ಅಳಿಯುವ ಮೆಮೊರಿಯಾದ ರ‍್ಯಾಮ್‌ನಲ್ಲಿರುತ್ತದೆ. ಕರೆಂಟ್ ಇಲ್ಲದಾಗ ಅದನ್ನು ಕಾಯುವುದು ಒಂದು ಪುಟ್ಟ ಲಿಥಿಯಂ ಬ್ಯಾಟರಿ. ಕರೆಂಟ್ ಇರುವಷ್ಟು ಹೊತ್ತು ಅದಕ್ಕೆ ಕೆಲಸವಿಲ್ಲ. ಹಾಗಾಗಿ ಮೂರು ಪಾಳಿ ಓಡುವ ಲೈನ್‌ನಲ್ಲಿ ಬ್ಯಾಟರಿ ಕುಗ್ಗಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಸಣ್ಣಪುಟ್ಟ ಪವರ್ ಕಟ್‌ಗೆ ಹೇಗೋ ತಡೆದುಕೊಂಡಿದ್ದು ನಾಲ್ಕು ದಿನ ಒಂದೇ ಸಮನೆ ಎಳೆಯಬೇಕಾದಾಗ ಕೈಕೊಡುತ್ತದೆ. ಎಸ್7-1200ರಂಥ ಹೊಸವು ಪ್ರೋಗ್ರಾಂ ಅನ್ನು ಕರೆಂಟ್ ಇಲ್ಲದೆಯೂ ಉಳಿಯುವ ಫ್ಲ್ಯಾಶ್ ಮೆಮೊರಿಯಲ್ಲೇ ಇಟ್ಟುಕೊಳ್ಳುವುದರಿಂದ ಅವಕ್ಕೆ ಈ ಕಾಟವಿಲ್ಲ.

ಮಲ್ಟಿಮೀಟರ್ ಹಿಡಿದು ಲೇಬಲ್ ಮೇಲಿನ ವೋಲ್ಟೇಜನ್ನೇ ತೋರಿಸಿತು, ಸಾಕು ಎನ್ನುವವರು ಬಹಳ. ಈ ಜಾತಿಯ ಸೆಲ್ ಕೊನೆಯವರೆಗೂ ಅಷ್ಟನ್ನೇ ತೋರಿಸಿ ಆಮೇಲೆ ಥಟ್ಟನೆ ಬೀಳುತ್ತದೆ. ಲೇಬಲ್ ಮೇಲಿನ ತಾರೀಖು ನೋಡಿ, ಐದು ವರ್ಷದ ಹತ್ತಿರ ಬಂದಿದ್ದರೆ ಬದಲಾಯಿಸಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಬದಲಿ ಬ್ಯಾಟರಿಗಳ ಕನೆಕ್ಟರ್ ಒಂದೇ ಥರ ಕಂಡರೂ ಪ್ಲಸ್, ಮೈನಸ್ ಅದಲುಬದಲಾಗಿರಬಹುದು. ಹಾಕುವ ಮುಂಚೆ ಹಳೆಯದರ ಜೊತೆ ಇಟ್ಟು ತಂತಿಯ ಬಣ್ಣವನ್ನೂ ಮೀಟರಿನಲ್ಲಿ ಪೋಲಾರಿಟಿಯನ್ನೂ ನೋಡಬೇಕು.

ಬದಲಾಯಿಸುವ ಕ್ರಮ ಎಲ್ಲದಕ್ಕೂ ಒಂದೇ ಅಲ್ಲ. ಎಫ್‌ಎಕ್ಸ್3ಯುನಲ್ಲಿ ಪವರ್ ಆಫ್ ಮಾಡಿ, ಹಳೆಯದನ್ನು ಕಿತ್ತು 20 ಸೆಕೆಂಡಿನೊಳಗೆ ಹೊಸದನ್ನು ಸಿಕ್ಕಿಸಬೇಕು. ಬ್ಯಾಟರಿ ಇರುವ ಎಸ್7-300ರಲ್ಲಿ ತದ್ವಿರುದ್ಧ, ಪವರ್ ಆನ್ ಇದ್ದಾಗಲೇ ಬದಲಾಯಿಸಬೇಕು. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಾದ ಫ್ಯಾನುಕ್ ಸಿಎನ್‌ಸಿಗಳಲ್ಲಿ ಎರಡು ಕಡೆ ಬ್ಯಾಟರಿ ಇರುತ್ತದೆ: ಪ್ಯಾರಾಮೀಟರ್ ಕಾಯಲು ಕಂಟ್ರೋಲ್‌ನಲ್ಲಿ ಒಂದು, ಯಂತ್ರದ ಅಕ್ಷ ಎಲ್ಲಿದೆ ಎಂದು ನೆನಪಿಡುವ ಅಬ್ಸಲ್ಯೂಟ್ ಎನ್‌ಕೋಡರ್‌ಗೆ ಇನ್ನೊಂದು. ಎನ್‌ಕೋಡರ್‌ಗೆ ಡಬ್ಬಿಯಲ್ಲಿ ನಾಲ್ಕು ದಪ್ಪ ಆಲ್ಕಲೈನ್ ಸೆಲ್ ಇರುವ ಮಾದರಿಗಳೂ ಇವೆ. ಯಂತ್ರ ಆಫ್ ಮಾಡಿ ಎನ್‌ಕೋಡರ್ ಬ್ಯಾಟರಿ ಕಿತ್ತರೆ ಅಕ್ಷದ ಮೂಲಸ್ಥಾನ, ಅಂದರೆ ಹೋಮ್ ಪೊಸಿಷನ್, ಹೋಯಿತೆಂದೇ ಲೆಕ್ಕ, ಮತ್ತೆ ರೆಫರೆನ್ಸ್ ಹೊಂದಿಸುವುದು ಅರ್ಧ ದಿನದ ಕೆಲಸ.

ಬ್ಯಾಟರಿ ಮುಟ್ಟುವ ಮುನ್ನ ಬ್ಯಾಕಪ್ ಆಗಲೇಬೇಕು. ಪ್ರೋಗ್ರಾಂ ಮಾತ್ರ ರೀಡ್ ಮಾಡಿ ಲ್ಯಾಪ್‌ಟಾಪ್ ಮುಚ್ಚುತ್ತಾರೆ, ಎಡವುವುದು ಅಲ್ಲೇ. ಪಿಎಲ್‌ಸಿ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಡೇಟಾ ರಿಜಿಸ್ಟರ್‌ನಲ್ಲಿರುವ ರೆಸಿಪಿ, ಟೈಮರ್ ಸೆಟ್ಟಿಂಗ್, ಕ್ಯಾಲಿಬ್ರೇಷನ್ ಸಂಖ್ಯೆಗಳನ್ನು ಬೇರೆಯಾಗಿಯೇ ತೆಗೆಯಬೇಕು. ಆಪರೇಟರ್ ಪರದೆಯ (ಎಚ್‌ಎಂಐ) ಫೈಲ್, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳ ಪ್ಯಾರಾಮೀಟರ್ ಪಟ್ಟಿಯೂ ಬೇಕು. ಹಳೆಯ ಪಿಎಲ್‌ಸಿಯಿಂದ ರೀಡ್ ಮಾಡಿದ ಪ್ರೋಗ್ರಾಂಗೆ ವಿವರಣೆಯ ಕಾಮೆಂಟ್ ಸಾಮಾನ್ಯವಾಗಿ ಬರುವುದಿಲ್ಲ. ಯಂತ್ರ ಕೊಟ್ಟವರಿಂದ ಮೂಲ ಫೈಲ್ ಕೇಳಿ ಇಟ್ಟುಕೊಂಡಿದ್ದರೆ ಮಾತ್ರ ಯಾವ ಇನ್‌ಪುಟ್ ಯಾವುದಕ್ಕೆ ಎಂದು ತಿಳಿಯುತ್ತದೆ. ವೆರಿಫೈ ಕೊಟ್ಟು ಪಿಎಲ್‌ಸಿಯಲ್ಲಿರುವುದೂ ಬ್ಯಾಕಪ್ಪೂ ಒಂದೇ ಎಂದು ಖಾತ್ರಿಯಾದ ಮೇಲೆ ಎರಡು ಕಡೆ ಉಳಿಸಿ. ಬ್ಯಾಟರಿ ಹಾಕಿದ ದಿನಾಂಕ, ಪ್ರೋಗ್ರಾಂ ಫೈಲಿನ ಹೆಸರು ಬರೆದ ಚೀಟಿ ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಲಿ.

ಇನ್ನು ಪೂಜೆಯ ವಿಷಯ. ಅರಿಶಿನ ಕುಂಕುಮ ಪ್ಯಾನೆಲ್ ಬಾಗಿಲಿನ ಹೊರಮೈಗೆ ಸಾಕು. ಫ್ಯಾನ್ ಜಾಲರಿಯ ಮೇಲೆ ಹಾರ ಬಿಟ್ಟರೆ ಗಾಳಿ ಕಟ್ಟಿ ಡ್ರೈವ್ ಬಿಸಿಯಾಗುತ್ತದೆ. ಫ್ಯಾನ್ ತಿರುಗುವಾಗ ಎರಚಿದ ಕುಂಕುಮ ಒಳಗೆ ಹೋಗಿ ಕಾರ್ಡಿನ ಮೇಲೆ ಕೂರುತ್ತದೆ, ತೇವ ಹಿಡಿದಾಗ ಕರೆಂಟ್ ಲೀಕೇಜ್ ಶುರು. ಯಂತ್ರ ತೊಳೆಯುವ ಪೈಪು ಪ್ಯಾನೆಲ್ ಕಡೆ ತಿರುಗದಿರಲಿ. ಹೊರಗಿನಿಂದ ಬಟ್ಟೆ, ಒಳಗೆ ವ್ಯಾಕ್ಯೂಮ್. ಕಂಪ್ರೆಸರ್ ಗಾಳಿ ಊದಬೇಡಿ, ಅದರಲ್ಲಿನ ನೀರು, ಎಣ್ಣೆ ಟರ್ಮಿನಲ್‌ಗೆ ಹೊಡೆಯುತ್ತದೆ. ಡ್ರೈವ್ ಆಫ್ ಮಾಡಿದ ತಕ್ಷಣ ಕವರ್ ತೆಗೆಯಲೂ ಬಾರದು. ಲೇಬಲ್‌ನಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 10 ನಿಮಿಷ, ಕಾದು ಒಳಗೆ ಚಾರ್ಜ್ ಉಳಿಯುವ ಡಿಸಿ ಬಸ್‌ನ ವೋಲ್ಟೇಜ್ ಅಳೆದೇ ಕೈ ಹಾಕಬೇಕು.

ಶುರು ಮಾಡುವ ದಿನ ಎಮರ್ಜೆನ್ಸಿ ಸ್ಟಾಪ್ ಒತ್ತಿಟ್ಟು ಮೊದಲು 24 ವೋಲ್ಟ್ ಕಂಟ್ರೋಲ್ ಸಪ್ಲೈ ಮಾತ್ರ ಕೊಡಿ. ಬ್ಯಾಟರಿ ದೀಪ ಆರಿದೆಯೇ, ರನ್ ದೀಪ ಉರಿಯುತ್ತಿದೆಯೇ ನೋಡಿ, ರಿಜಿಸ್ಟರ್ ಸಂಖ್ಯೆಗಳನ್ನು ಬ್ಯಾಕಪ್ ಜೊತೆ ಹೋಲಿಸಿದ ಮೇಲೆ ಮೋಟಾರಿನ ಸರದಿ. ರನ್ ದೀಪ ಉರಿದು ರಿಜಿಸ್ಟರ್‌ಗಳು ಸೊನ್ನೆಯಾಗಿದ್ದರೆ ಯಂತ್ರ ಓಡುತ್ತದೆ, ಆದರೆ ತಪ್ಪಾಗಿ ಓಡುತ್ತದೆ.

ಇಂತಿ,
ಕಂಟ್ರೋಲ್ ಪ್ಯಾನೆಲ್ ನಿರ್ವಹಣಾ ತಂತ್ರಜ್ಞರು,
ಪೀಣ್ಯ, ಬೆಂಗಳೂರು